ಹದಿನಾಲ್ಕನೇ ದಿನದ ಲೆಕ್ಕ

ತಿಪಟೂರಿನ ಹೈಸ್ಕೂಲೊಂದರಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಮದುವೆಯಾಗಿದ್ದು 2018ರ ಮೇ ತಿಂಗಳಲ್ಲಿ. ಮೊದಲ ವರ್ಷ ಮಗುವಿನ ಬಗ್ಗೆ ಯೋಚಿಸಲಿಲ್ಲ. 2019ರ ಮಧ್ಯದಲ್ಲಿ ಇಬ್ಬರೂ ಕೂತು ಮಾತಾಡಿ, ಇನ್ನು ಮಗು ಆಗಲಿ ಅಂದುಕೊಂಡೆವು. ಆ ವಾರವೇ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಲು ಶುರು ಮಾಡಿದೆ. ಮುಟ್ಟಾದ ದಿನಕ್ಕೆ ಒಂದು ಸುತ್ತು. ಅಲ್ಲಿಂದ ಎಣಿಸಿ ಹದಿನಾಲ್ಕನೇ ದಿನಕ್ಕೆ ಇನ್ನೊಂದು ಸುತ್ತು.

ಹದಿನಾಲ್ಕನೇ ದಿನ ಅಂತ ಯಾರು ಹೇಳಿಕೊಟ್ಟರು ಅಂತ ಈಗ ನೆನಪಿಲ್ಲ. ಎಲ್ಲರೂ ಅದನ್ನೇ ಹೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ, ಅಕ್ಕ ತಂಗಿಯರು ಹೇಳುತ್ತಾರೆ, ಮೊಬೈಲ್ ಆಪ್ ಕೂಡ ಅದೇ ದಿನಕ್ಕೆ ಹೂವಿನ ಚಿತ್ರ ತೋರಿಸುತ್ತಿತ್ತು. ನಾನೂ ಹಾಗೇ ನಂಬಿದ್ದೆ. ನನಗೆ ಮುಟ್ಟು ಬರುತ್ತಿದ್ದದ್ದು 45 ದಿನಕ್ಕೆ, ಒಮ್ಮೊಮ್ಮೆ 60 ದಿನಕ್ಕೆ. ದೊಡ್ಡವಳಾದಾಗಿನಿಂದ ಹಾಗೇ. "ಮದುವೆ ಆದ್ಮೇಲೆ ಸರಿಹೋಗುತ್ತೆ ಬಿಡು" ಅಂತ ಅಮ್ಮ ಹೇಳುತ್ತಿದ್ದಳು. ಮದುವೆಯಾದ ಮೇಲೆ ಅದೇ ಮಾತು "ಒಂದು ಮಗು ಆದ್ಮೇಲೆ ಸರಿಹೋಗುತ್ತೆ" ಅಂತ ಬದಲಾಯಿತು.

ಆರು ತಿಂಗಳಾಯಿತು. ಏನೂ ಆಗಲಿಲ್ಲ. ಮೆಡಿಕಲ್ ಶಾಪಿನಿಂದ ಅಂಡೋತ್ಪತ್ತಿ ನೋಡುವ ಸ್ಟ್ರಿಪ್ ತರಿಸಿಕೊಂಡೆ. ಎರಡನೇ ಗೆರೆ ಗಾಢವಾದರೆ ಇನ್ನೊಂದೆರಡು ದಿನದಲ್ಲಿ ಮೊಟ್ಟೆ ಹೊರಬರುತ್ತದೆ ಅಂತ ಡಬ್ಬಿಯ ಮೇಲೆ ಬರೆದಿತ್ತು. ನನಗೆ ಆರು ದಿನ ಸತತವಾಗಿ ಗಾಢವಾದ ಗೆರೆಯೇ ಬಂತು. ತುಂಬಾ ಖುಷಿಯಾಯಿತು. ನನ್ನಂಥವರಲ್ಲಿ ಎಲ್‌ಎಚ್ ಅನ್ನುವ, ಮೊಟ್ಟೆ ಹೊರಬರಲು ಸೂಚನೆ ಕೊಡುವ ಹಾರ್ಮೋನು ಯಾವಾಗಲೂ ಮೇಲೇ ಇರಬಹುದು, ಅದಕ್ಕೇ ಈ ಸ್ಟ್ರಿಪ್ ಮೊಟ್ಟೆ ಬರದಿದ್ದರೂ ಗೆರೆ ತೋರಿಸುತ್ತದೆ ಅಂತ ಗೊತ್ತಾಗಿದ್ದು ಒಂದೂವರೆ ವರ್ಷ ಬಿಟ್ಟು.

2020ರ ಜನವರಿಯಲ್ಲಿ ಮೊದಲ ಸಲ ಡಾಕ್ಟರ ಹತ್ತಿರ ಹೋದೆ. ಹೊಟ್ಟೆ ಮೇಲಿಂದ ಸ್ಕ್ಯಾನ್ ಮಾಡಿಸಿದರು. "ಪಿಸಿಓಡಿ ಇದೆ, ಎಲ್ಲರಿಗೂ ಇರುತ್ತೆ, ಡೇಟ್ ರೆಗ್ಯುಲರ್ ಮಾಡೋಣ" ಅಂದರು. ಪಿಸಿಓಡಿ ಅಂದರೆ ಅಂಡಾಶಯದಲ್ಲಿ ಮೊಟ್ಟೆ ಸರಿಯಾಗಿ ಬೆಳೆಯದ ತೊಂದರೆ, ಪಿಸಿಓಎಸ್ ಅಂತಲೂ ಅನ್ನುತ್ತಾರೆ. ಮಗು ಬೇಕು ಅಂತ ನಾನು ಹೇಳಿದ್ದೆ, ಚೆನ್ನಾಗಿ ನೆನಪಿದೆ. ಒಂದು ಸ್ಟ್ರಿಪ್ ಮಾತ್ರೆ ಬರೆದುಕೊಟ್ಟರು. 21 ದಿನ ತೆಗೆದುಕೊಂಡು ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಡೇಟ್ ಬರುತ್ತದೆ, ಮತ್ತೆ ಶುರು ಮಾಡಬೇಕು.

ಬಂತು. ಸರಿಯಾಗಿ 28 ದಿನಕ್ಕೆ. ನನ್ನ ಜೀವನದಲ್ಲೇ ಮೊದಲ ಸಲ. ಗಂಡನಿಗೆ ಕ್ಯಾಲೆಂಡರ್ ತೋರಿಸಿ, "ನೋಡ್ರೀ, ಈಗ ಎಲ್ಲಾ ಸರಿಯಾಯ್ತು" ಅಂದೆ. ಲಾಕ್‌ಡೌನ್ ಬಂತು. ಮತ್ತೆ ಡಾಕ್ಟರ ಹತ್ತಿರ ಹೋಗಲಾಗಲಿಲ್ಲ. ಅದೇ ಚೀಟಿ ಇಟ್ಟುಕೊಂಡು ಇನ್ನೂ ಮೂರು ಸ್ಟ್ರಿಪ್ ತೆಗೆದುಕೊಂಡೆ. ಪ್ರತಿ ತಿಂಗಳೂ ಹದಿನಾಲ್ಕನೇ ದಿನಕ್ಕೆ ಕೆಂಪು ಸುತ್ತು ಹಾಕಿದೆ. ಪ್ರತಿ ತಿಂಗಳೂ 28ಕ್ಕೆ ಮುಟ್ಟಾಯಿತು. ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ 50 ದಿನ, 55 ದಿನ.

ಊರಲ್ಲಿ ಮಾತುಗಳು ಶುರುವಾದದ್ದು ಆಗಲೇ. ಅದನ್ನೆಲ್ಲ ಬರೆಯಲು ಮನಸ್ಸಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಒಂದನ್ನು ಮಾತ್ರ ಹೇಳುತ್ತೇನೆ. ಅತ್ತೆಯ ಅಕ್ಕ ಒಬ್ಬರು ತೋಟದ ಮನೆಗೆ ಬಂದಿದ್ದಾಗ, ನಾನು ಒಳಗೆ ಕಾಫಿ ಮಾಡುತ್ತಿದ್ದೆ. "ನೋಡೋಕೆ ಗುಂಡುಗುಂಡಗೆ ಚೆನ್ನಾಗೇ ಇದಾಳೆ, ಇನ್ನೂ ಯಾಕೆ ಏನೂ ಇಲ್ಲ?" ಅಂದರು. ಅತ್ತೆ ಕೊಬ್ಬರಿ ಆರಿಸುತ್ತಾ ಕೂತಿದ್ದವರು ತಲೆ ಎತ್ತದೆ ಹೇಳಿದರು: "ನಮ್ಮ ಬದುವಿನ ಮೇಲಿನ ಮರ ನೆನಪಿದೆಯೇನಕ್ಕಾ? ಗರಿ ಚೆನ್ನಾಗಿತ್ತು, ಹೊಂಬಾಳೆನೂ ಒಡೀತಿತ್ತು, ಹರಳು ನಿಲ್ತಿರಲಿಲ್ಲ. ನೀರು ನೋಡ್ಬೇಕು, ಗೊಬ್ಬರ ನೋಡ್ಬೇಕು. ಮರಾನ ಬೈದ್ರೆ ಕಾಯಿ ಬಿಡುತ್ತಾ?" ಒಲೆ ಮುಂದೆ ನಿಂತು ನಾನು ಅತ್ತುಬಿಟ್ಟೆ. ಎರಡು ವರ್ಷದಲ್ಲಿ ನನ್ನ ಪರವಾಗಿ ಯಾರಾದರೂ ಆಡಿದ ಮೊದಲ ಮಾತು ಅದು. ಹೊರಗಿಂದ ನೋಡಿ ಹೇಳಬೇಡಿ, ಕಾರಣ ಹುಡುಕಿ ಅಂತ ಹೇಳಿದ ಮೊದಲ ಮಾತೂ ಅದೇ.

2021ರ ಆಗಸ್ಟ್‌ನಲ್ಲಿ ತುಮಕೂರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಐವತ್ತರ ಆಸುಪಾಸಿನವರು. ಫೈಲ್ ತೆಗೆಯುವ ಮೊದಲೇ ಕೇಳಿದ್ದು: "ಕಳೆದ ಆರು ಸಲದ ಡೇಟ್ ಹೇಳಮ್ಮ." ಕ್ಯಾಲೆಂಡರಿನ ಫೋಟೋ ತೋರಿಸಿದೆ. ಕೆಂಪು ಸುತ್ತುಗಳನ್ನು ನೋಡಿದರು. ಚೀಟಿ ತಿರುಗಿಸಿ, ಹಿಂಬದಿಯಲ್ಲಿ ಒಂದು ಗೆರೆ ಎಳೆದರು.

ಮೊಟ್ಟೆ ಹೊರಬಂದ ಮೇಲೆ ಮುಟ್ಟಾಗಲು ಹೆಚ್ಚುಕಡಿಮೆ 14 ದಿನ ಬೇಕು. ಆ ಭಾಗ ಅಷ್ಟಾಗಿ ಬದಲಾಗುವುದಿಲ್ಲ. ಬದಲಾಗುವುದು ಮೊದಲಿನ ಭಾಗ, ಮೊಟ್ಟೆ ಬೆಳೆಯಲು ಹಿಡಿಯುವ ದಿನಗಳು. ಆದ್ದರಿಂದ ಎಣಿಸಬೇಕಾದ್ದು ಮುಂದಿನ ಮುಟ್ಟಿನಿಂದ ಹಿಂದಕ್ಕೆ. 28ರಲ್ಲಿ 14 ಕಳೆದರೆ 14. ಅದಕ್ಕೇ ಎಲ್ಲರೂ ಹದಿನಾಲ್ಕನೇ ದಿನ ಅನ್ನುವುದು. "ನಿಂದು 45 ದಿನದ್ದು. ಕಳಿ ನೋಡೋಣ" ಅಂದರು. 31. ಏಳನೇ ತರಗತಿಯ ಮಗುವೂ ಮಾಡುವ ಕಳೆಯುವ ಲೆಕ್ಕ. ಹೊರಬಂದ ಮೊಟ್ಟೆ ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಒಳಗೆ ಹೆಚ್ಚೆಂದರೆ ಐದು ದಿನ. ನಾವು ಕಾದಿದ್ದ ದಿನಕ್ಕೂ ಮೊಟ್ಟೆಗೂ ಹದಿನೇಳು ದಿನದ ಅಂತರ.

"ಅದೂ ಮೊಟ್ಟೆ ಬಂದಿದ್ರೆ" ಅಂತ ಸೇರಿಸಿದರು. "ಬಂದಿದೆ ಅಂತ ಹೇಗೆ ಗೊತ್ತು?"

"ಮುಟ್ಟಾಗ್ತೀನಲ್ಲ ಮೇಡಂ" ಅಂದೆ.

ಅವರು ನನ್ನ ಫೈಲಿನಲ್ಲಿದ್ದ ಖಾಲಿ ಸ್ಟ್ರಿಪ್ ಕೈಗೆತ್ತಿಕೊಂಡರು. ಡಾಕ್ಟರಿಗೆ ತೋರಿಸಲು ಅಂತ ನಾನು ಜೋಪಾನವಾಗಿ ಇಟ್ಟಿದ್ದದ್ದು. ಬೆಳ್ಳಿ ಬಣ್ಣದ ಹಾಳೆಯ ಮೇಲಿನ ಸಣ್ಣ ಅಕ್ಷರವನ್ನು ಕನ್ನಡಕ ಸರಿಮಾಡಿಕೊಂಡು ಓದಿದರು. "ಇದು ಗರ್ಭನಿರೋಧಕ ಮಾತ್ರೆ ಕಣಮ್ಮ" ಅಂದರು. ಮೆಲ್ಲಗೆ, ಬೈಯುವ ದನಿಯಲ್ಲಲ್ಲ.

ನನ್ನ ಗಂಡ ನನ್ನನ್ನು ನೋಡಿದರು. ನಾನು ಮೇಜನ್ನು ನೋಡುತ್ತಿದ್ದೆ.

ಆ ಮಾತ್ರೆ ಕೆಟ್ಟದ್ದಲ್ಲ. ಮಗು ಈಗಲೇ ಬೇಡ ಅನ್ನುವವರಿಗೆ ಪಿಸಿಓಎಸ್ ಇದ್ದರೆ ಅದನ್ನೇ ಕೊಡುತ್ತಾರೆ. ಮುಟ್ಟು ತಿಂಗಳುಗಟ್ಟಲೆ ಬರದೇ ಇದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಅದು ಮುಂದೆ ಅಪಾಯ. ಅದನ್ನು ತಪ್ಪಿಸಲೂ ಈ ಮಾತ್ರೆ ನೆರವಾಗುತ್ತದೆ. ಆದರೆ ಆ ಮಾತ್ರೆ ನುಂಗುವಾಗ ಮೊಟ್ಟೆ ಬರುವುದಿಲ್ಲ, ಬರದಂತೆ ತಡೆಯುವುದೇ ಅದರ ಕೆಲಸ. ಆ 28 ದಿನದ ಮುಟ್ಟು ನನ್ನ ಅಂಡಾಶಯದ್ದಲ್ಲ, ಮಾತ್ರೆ ನಿಲ್ಲಿಸಿದ್ದಕ್ಕೆ ಬಂದ ರಕ್ತಸ್ರಾವ. ಇದನ್ನು ನನಗೆ ಒಂದೇ ವಾಕ್ಯದಲ್ಲಿ ಹೇಳಬಹುದಿತ್ತು. ಯಾರೂ ಹೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ರಕ್ತ ಹೋಗುವುದೇ ಬೇರೆ, ಮೊಟ್ಟೆ ಬರುವುದೇ ಬೇರೆ. ಮೊಟ್ಟೆ ಬಾರದೆಯೂ ಒಳಪದರ ಬೆಳೆದು ಬೆಳೆದು ಒಂದು ದಿನ ತಾನೇ ಉದುರಬಹುದು, ನೋಡುವವರಿಗೆ ಅದು ಮುಟ್ಟಿನಂತೆಯೇ ಕಾಣುತ್ತದೆ. ನನಗೆ ಅಷ್ಟು ವರ್ಷ ಆಗುತ್ತಿದ್ದದ್ದು ಬಹುಶಃ ಅದೇ.

ಆಮೇಲೆ ಅವರು ಕೇಳಿದ ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ಗಲ್ಲದ ಮೇಲೆ ಕೂದಲು ಬರುತ್ತಾ? ತಲೆ ನೆತ್ತಿಯಲ್ಲಿ ಕೂದಲು ಉದುರುತ್ತಾ? ಕತ್ತಿನ ಹಿಂದೆ ಯಾವಾಗಿಂದ ಕಪ್ಪಾಗಿದೆ? ಎರಡು ವಾರಕ್ಕೊಮ್ಮೆ ಗಲ್ಲಕ್ಕೆ ಥ್ರೆಡಿಂಗ್ ಮಾಡಿಸುತ್ತಿದ್ದೆ, ಗಂಡನಿಗೂ ಹೇಳಿರಲಿಲ್ಲ. ಅದನ್ನು ಅಂದದ ವಿಷಯ ಅಂದುಕೊಂಡಿದ್ದೆ. ಅದು ಗಂಡು ಹಾರ್ಮೋನು ಜಾಸ್ತಿ ಇರುವುದರ ಗುರುತು. ಪಿಸಿಓಎಸ್ ಅನ್ನಲು ಸ್ಕ್ಯಾನ್ ಒಂದೇ ಸಾಲದು ಅಂದರು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಮಾಡಿದ ನಿಯಮದ ಪ್ರಕಾರ ಮೂರರಲ್ಲಿ ಎರಡಾದರೂ ಇರಬೇಕು: ಮೊಟ್ಟೆ ಸರಿಯಾಗಿ ಬಾರದಿರುವುದು, ಗಂಡು ಹಾರ್ಮೋನು ಹೆಚ್ಚಿರುವುದು, ಸ್ಕ್ಯಾನಿನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಚುಕ್ಕಿಗಳು ಕಾಣುವುದು. ಜೊತೆಗೆ ಥೈರಾಯ್ಡ್‌ನಂಥ ಬೇರೆ ಕಾರಣಗಳನ್ನು ಮೊದಲು ನೋಡಿಕೊಳ್ಳಬೇಕು.

ನನ್ನ ಟೆಸ್ಟಿಗಿಂತ ಮೊದಲು ಬರೆದದ್ದು ಗಂಡನ ವೀರ್ಯ ಪರೀಕ್ಷೆ. "ಅವರದ್ದು ನೋಡದೆ ನಿನಗೆ ಒಂದು ಮಾತ್ರೆನೂ ಕೊಡಲ್ಲ" ಅಂದರು. ಇವರು ಮನೆಗೆ ಬಂದು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ ಹೋಗಿ ಕೊಟ್ಟು ಬಂದರು. ರಿಪೋರ್ಟ್ ಚೆನ್ನಾಗಿತ್ತು.

ನನಗೆ ಮುಟ್ಟಿನ ಎರಡನೇ ದಿನ ರಕ್ತ ಪರೀಕ್ಷೆ. ಎಲ್‌ಎಚ್ 12, ಎಫ್‌ಎಸ್‌ಎಚ್ 5.6 (ಇದು ಮೊಟ್ಟೆ ಬೆಳೆಸುವ ಹಾರ್ಮೋನು). ಎಎಂಎಚ್ 9 ದಾಟಿತ್ತು, ಅದು ಒಳಗೆ ಎಷ್ಟು ಮೊಟ್ಟೆ ಉಳಿದಿವೆ ಅಂತ ತೋರಿಸುವ ಅಂಕಿ. ಅಂದರೆ ಮೊಟ್ಟೆಗಳಿಗೆ ಬರವಿಲ್ಲ, ಒಂದೂ ಪೂರ್ತಿ ಬೆಳೆಯುತ್ತಿಲ್ಲ. ಎದೆಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಸರಿಯಾಗಿತ್ತು. ಟಿಎಸ್‌ಎಚ್ 6.8, ಥೈರಾಯ್ಡ್ ಮಂದವಾಗಿತ್ತು. ಮೂರು ತಿಂಗಳ ಸಕ್ಕರೆ ಸರಾಸರಿ 5.9, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೆ. 31 ವರ್ಷಕ್ಕೆ.

ಒಳಗಿಂದ ಮಾಡುವ ಸ್ಕ್ಯಾನ್ ಬಗ್ಗೆ ಯಾರೂ ಮುಂಚೆ ಹೇಳುವುದಿಲ್ಲ, ಅದಕ್ಕೆ ಬರೆಯುತ್ತೇನೆ. ಹೊಟ್ಟೆ ಮೇಲಿನ ಸ್ಕ್ಯಾನಿಗೆ ನೀರು ಕುಡಿದು ತಡೆದುಕೊಂಡು ಕೂರಬೇಕು. ಇದಕ್ಕೆ ಮೂತ್ರ ಖಾಲಿ ಮಾಡಿ ಹೋಗಬೇಕು. ಕಡ್ಡಿಯಂಥ ಸಾಧನಕ್ಕೆ ಕಾಂಡೋಮ್ ಹಾಕಿ ಜೆಲ್ ಸವರುತ್ತಾರೆ. ಜೆಲ್ ತಣ್ಣಗಿರುತ್ತದೆ. ನೋವಿಲ್ಲ, ಮುಜುಗರ ಇದೆ. ಹೆದರಿ ಮೈ ಬಿಗಿ ಹಿಡಿದರೆ ಮಾತ್ರ ನೋಯುತ್ತದೆ. ಪರದೆ ನನ್ನ ಕಡೆಗೂ ತಿರುಗಿತ್ತು. ಬೂದು ಬಣ್ಣದ ನಡುವೆ ಅಂಡಾಶಯದ ಅಂಚಿಗೆ ಕಪ್ಪು ಕಪ್ಪು ಚುಕ್ಕಿಗಳು, ಸಾಲಾಗಿ. ಪಾಯಸದಲ್ಲಿ ಬೆಂದ ಸಾಬಕ್ಕಿಯ ಹಾಗೆ, ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಗಾತ್ರ. "ಎಲ್ಲಾ ಹೊರಟಿವೆ, ಒಂದೂ ಮುಂದೆ ಬಂದಿಲ್ಲ" ಅಂದರು. ಇದನ್ನು ಗಂಟು, ನೀರುಗುಳ್ಳೆ ಅಂತ ಜನ ಹೆದರುತ್ತಾರೆ. ಅವು ಅರ್ಧಕ್ಕೆ ನಿಂತ ಮೊಟ್ಟೆಯ ಚೀಲಗಳು ಅಷ್ಟೇ. ಆಪರೇಷನ್ ಮಾಡಿ ತೆಗೆಯುವ ಗಂಟಲ್ಲ.

ಗರ್ಭನಾಳ ತೆರೆದಿದೆಯೇ ಅಂತ ನೋಡುವ ಟ್ಯೂಬ್ ಟೆಸ್ಟ್ ಕೂಡ ಆಯಿತು. ಹತ್ತು ನಿಮಿಷ. ನೋವಾಯಿತು, ಮುಗಿಯಿತು, ಎರಡೂ ಟ್ಯೂಬ್ ತೆರೆದಿದ್ದವು.

ತಕ್ಷಣ ಮೊಟ್ಟೆ ಬೆಳೆಸುವ ಮಾತ್ರೆ ಕೊಡುತ್ತಾರೆ ಅಂದುಕೊಂಡಿದ್ದೆ. ಕೊಡಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಅದಾದ ಅರ್ಧ ಗಂಟೆ ಕಾಫಿ ಇಲ್ಲ. ಊಟದ ಜೊತೆ ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆ, ಮೊದಲ ಎರಡು ವಾರ ಹೊಟ್ಟೆ ತೊಳೆಸಿತು, ಆಮೇಲೆ ಹೊಂದಿಕೊಂಡಿತು. ಫೋಲಿಕ್ ಆಸಿಡ್. ಮತ್ತೆ ತೂಕ. ನಾನು 71 ಕೆಜಿ ಇದ್ದೆ. "ಇಪ್ಪತ್ತು ಕೆಜಿ ಇಳಿಸು ಅಂತ ಹೇಳಲ್ಲ. ನೂರಕ್ಕೆ ಐದರಷ್ಟು ಇಳಿದ್ರೂ ಸಾಕು, ಎಷ್ಟೋ ಜನಕ್ಕೆ ಮೊಟ್ಟೆ ತಾನೇ ಶುರುವಾಗುತ್ತೆ" ಅಂದರು. 71ಕ್ಕೆ ಮೂರೂವರೆ ಕೆಜಿ. ಆ ಲೆಕ್ಕ ನನಗೆ ಧೈರ್ಯ ಕೊಟ್ಟಿತು. ಬೆಳಿಗ್ಗೆ ಕೆರೆ ಏರಿ ಮೇಲೆ 45 ನಿಮಿಷ ನಡೆದೆ. ರಾತ್ರಿ ಅನ್ನದ ಬದಲು ಒಂದು ಮುದ್ದೆ, ಸೊಪ್ಪಿನ ಸಾರು. ಸ್ಟಾಫ್ ರೂಮಿನ ಸಂಜೆಯ ಬೋಂಡ ಬಿಟ್ಟೆ. ಐದು ತಿಂಗಳಲ್ಲಿ 67ಕ್ಕೆ ಬಂದೆ. ಮುಟ್ಟು 50 ದಿನದಿಂದ 38ಕ್ಕೆ ಬಂತು, ಡೇಟ್ ಬರಿಸುವ ಯಾವ ಮಾತ್ರೆಯ ಒತ್ತಾಯವೂ ಇಲ್ಲದೆ.

2022ರ ಫೆಬ್ರುವರಿಯಲ್ಲಿ ಮೊಟ್ಟೆ ಬೆಳೆಸಲು ಲೆಟ್ರೋಜೋಲ್ ಮಾತ್ರೆ ಬರೆದರು. ಮುಟ್ಟಿನ ಎರಡನೇ ದಿನದಿಂದ ಐದು ದಿನ, ದಿನಕ್ಕೊಂದು, 2.5 ಮಿಲಿಗ್ರಾಂ. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, "ಯಾರಿಗೆ ಮೇಡಂ ಕ್ಯಾನ್ಸರ್?" ಅಂದ. ಕಾಲು ನಡುಗಿತು. ಮನೆಗೆ ಬಂದು ಮೊಬೈಲಿನಲ್ಲಿ ನೋಡಿದರೆ ಅಲ್ಲೂ ಸ್ತನ ಕ್ಯಾನ್ಸರಿನ ಔಷಧಿ ಅಂತಲೇ ಇತ್ತು. ಆ ರಾತ್ರಿ ಮಾತ್ರೆ ನುಂಗಲಿಲ್ಲ. ಮಾರನೇ ದಿನ ಫೋನ್ ಮಾಡಿದೆ.

ಡಾಕ್ಟರಮ್ಮ ಸಮಾಧಾನವಾಗಿ ಬಿಡಿಸಿ ಹೇಳಿದರು. ಈ ಮಾತ್ರೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನನ್ನು ಕಡಿಮೆ ಮಾಡುತ್ತದೆ. ಕ್ಯಾನ್ಸರಿನಲ್ಲಿ ಅದೇ ಬೇಕು. ನನಗೆ ಐದೇ ದಿನ ಕೊಟ್ಟಾಗ, ಈಸ್ಟ್ರೋಜನ್ ಕಮ್ಮಿಯಾಯಿತು ಅಂತ ಮೆದುಳು ಅಂದುಕೊಂಡು ಎಫ್‌ಎಸ್‌ಎಚ್ ಜಾಸ್ತಿ ಕಳಿಸುತ್ತದೆ. ಅದರ ಒತ್ತಡಕ್ಕೆ ಚುಕ್ಕಿಗಳಲ್ಲಿ ಒಂದು ಮುಂದೆ ಬರುತ್ತದೆ. ನಮ್ಮ ದೇಶದಲ್ಲಿ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ಕೊಡಬಾರದು ಅಂತ ನಿಷೇಧ ಮಾಡಿದ್ದರಂತೆ, 2017ರಲ್ಲಿ ಅದನ್ನು ತೆಗೆದರು. ಅಷ್ಟರಲ್ಲಿ 2014ರಲ್ಲಿ ಅಮೆರಿಕದಲ್ಲಿ ಪಿಸಿಓಎಸ್ ಇದ್ದ 750 ಹೆಣ್ಣುಮಕ್ಕಳ ಮೇಲೆ ನಡೆದ ಅಧ್ಯಯನ ಬಂದಿತ್ತು. ಹಳೆಯ ಕ್ಲೋಮಿಫೀನ್ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 19 ಮಂದಿಗೆ ಮಗುವಾದರೆ, ಇದರಲ್ಲಿ 27 ದಾಟಿತ್ತು. ಅಂಕಿ ಕೇಳಿದ ಮೇಲೆ ನನಗೆ ಸಮಾಧಾನವಾಯಿತು. ಮೂರನೇ ದಿನದಿಂದ ಶುರು ಮಾಡಿದರೂ ಪರವಾಗಿಲ್ಲ ಅಂದರು.

ಆಮೇಲೆ ಫಾಲಿಕ್ಯುಲರ್ ಸ್ಟಡಿ. ಅಂದರೆ ಮೊಟ್ಟೆಯ ಚೀಲ ಎಷ್ಟು ಬೆಳೆದಿದೆ ಅಂತ ದಿನ ಬಿಟ್ಟು ದಿನ ಸ್ಕ್ಯಾನ್. ಬೆಳಿಗ್ಗೆ ಆರರ ಬಸ್ಸಿಗೆ ತುಮಕೂರು, ಟೋಕನ್, ಬೆಂಚು, ಐದು ನಿಮಿಷದ ಸ್ಕ್ಯಾನ್, ಮತ್ತೆ ಬಸ್ಸು. ಮಧ್ಯಾಹ್ನದ ಪೀರಿಯಡ್ಡಿಗೆ ಶಾಲೆಯಲ್ಲಿರಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬರುತ್ತಿತ್ತು. ನನ್ನ ಬೆಳಗಿನ ತರಗತಿಗಳನ್ನು ವಿಜ್ಞಾನದ ಟೀಚರ್ ತೆಗೆದುಕೊಂಡರು, ಕಾರಣ ಕೇಳದೆ. ಮಾತ್ರೆಗೆ ಆದ ಖರ್ಚಿಗಿಂತ ಸ್ಕ್ಯಾನಿಗೆ, ಬಸ್ಸಿಗೆ, ರಜೆಗೆ ಆದ ಖರ್ಚೇ ಜಾಸ್ತಿ.

'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಅನ್ನುವ ಬೋರ್ಡಿನ ಕೆಳಗೆ ಆ ಬೆಂಚು. ಅಲ್ಲಿ ಕೂತಾಗಲೇ ಗೊತ್ತಾಗಿದ್ದು, ಮೊಟ್ಟೆ ಬರದಿರುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಅಂತ. ಗುಬ್ಬಿ ಕಡೆಯ ಹುಡುಗಿಯೊಬ್ಬಳಿಗೆ ಹೆರಿಗೆಯೇ ಆಗದೆ ಎದೆಯಲ್ಲಿ ಹಾಲು ಬರುತ್ತಿತ್ತು. ಪ್ರೊಲ್ಯಾಕ್ಟಿನ್ ಏರಿತ್ತು, ವಾರಕ್ಕೆ ಎರಡು ಮಾತ್ರೆಯಲ್ಲಿ ಅದು ಇಳಿಯುತ್ತಾ ಬಂದಿತ್ತು. ಇನ್ನೊಬ್ಬಳು ತೀರಾ ತೆಳ್ಳಗಿದ್ದಳು. ಅವಳಿಗೆ ತೂಕ ಏರಿಸಲು ಹೇಳಿದ್ದರು. ಪಕ್ಕದಲ್ಲಿ ಕೂತ ನನಗೆ ಇಳಿಸಲು. ಮೂವತ್ತೆಂಟರ ಒಬ್ಬರಿಗೆ ಎಎಂಎಚ್ ಒಂದಕ್ಕಿಂತ ಕಡಿಮೆ, ಅವರದ್ದು ನನ್ನ ಸಮಸ್ಯೆಗೆ ಪೂರ್ತಿ ಉಲ್ಟಾ. ಒಬ್ಬರ ಚೀಟಿ ನೋಡಿ ಇನ್ನೊಬ್ಬರು ಮಾತ್ರೆ ತೆಗೆದುಕೊಂಡರೆ ಏನಾಗುತ್ತದೆ ಅಂತ ಆ ಬೆಂಚಿನ ಮೇಲೆ ಯಾರಿಗಾದರೂ ಅರ್ಥವಾಗುತ್ತದೆ.

ಮೊದಲ ಸುತ್ತು ಕೈಕೊಟ್ಟಿತು. ಹತ್ತನೇ ದಿನ ದೊಡ್ಡದು 9 ಮಿ.ಮೀ. ಹನ್ನೆರಡಕ್ಕೆ 10. ಹದಿನಾಲ್ಕಕ್ಕೂ 10. ಇಪ್ಪತ್ತಕ್ಕೂ ಅದೇ. 18 ದಾಟಬೇಕು. "ಡೋಸ್ ಸಾಲಲಿಲ್ಲ ಅಷ್ಟೇ" ಅಂದರು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ನಿಟ್ಟೂರು ದಾಟಿದ್ದು ಗೊತ್ತಾಗಲಿಲ್ಲ.

ಎರಡನೇ ಸುತ್ತು, 5 ಮಿಲಿಗ್ರಾಂ. ಹನ್ನೊಂದನೇ ದಿನ ಬಲಗಡೆ 10. ಹದಿಮೂರಕ್ಕೆ 12. ಹದಿನೈದಕ್ಕೆ 15. ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟರು. ಸಾಬಕ್ಕಿಯ ನಡುವೆ ಒಂದೇ ಒಂದು ದೊಡ್ಡ ಕಪ್ಪು ಗುಂಡು, ನೇರಳೆ ಹಣ್ಣಿನಂತೆ. ಹದಿನೇಳಕ್ಕೆ 19. ಒಳಪದರ 8 ಮಿ.ಮೀ. ದಾಟಿತ್ತು. ಅವತ್ತು ಸಂಜೆ ಎಚ್‌ಸಿಜಿ ಇಂಜೆಕ್ಷನ್, ಮೊಟ್ಟೆ ಹೊರಬರಲು ಕೊಡುವ ತಳ್ಳು. ಇಂಜೆಕ್ಷನ್ನನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಿಪಟೂರಿಗೆ ತಂದೆ, ಇಲ್ಲಿಯ ನರ್ಸ್ ಹಾಕಿದರು. "ಇವತ್ತು, ನಾಳೆ, ನಾಡಿದ್ದು ಕಾಂಟ್ಯಾಕ್ಟ್ ಇರಲಿ" ಅಂದಿದ್ದರು ಡಾಕ್ಟರಮ್ಮ. ಗಡಿಯಾರ ನೋಡಿ ಗಂಡ ಹೆಂಡತಿ ಹತ್ತಿರ ಬರುವುದು ಸುಲಭ ಅಲ್ಲ. ಇವರು ಅವತ್ತು ನನ್ನನ್ನು ಸುಮ್ನೆ ತೋಟಕ್ಕೆ ಕರೆದುಕೊಂಡು ಹೋಗಿ ಎಳನೀರು ಕೆತ್ತಿ ಕೊಟ್ಟರು. ಕತ್ತಲಾಗುವ ತನಕ ಅಲ್ಲೇ ಕೂತಿದ್ದೆವು. ಸ್ಕ್ಯಾನಿನ ಮಾತೇ ಎತ್ತಲಿಲ್ಲ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಸ್ಕ್ಯಾನ್. ಆ ಗುಂಡು ಇರಲಿಲ್ಲ. ಅದಿದ್ದ ಜಾಗ ಮುದುಡಿತ್ತು, ಪಕ್ಕದಲ್ಲಿ ಸ್ವಲ್ಪ ನೀರು. "ರಪ್ಚರ್ ಆಗಿದೆ" ಅಂದರು, ಚೀಲ ಒಡೆದು ಮೊಟ್ಟೆ ಹೊರಬಂದಿದೆ ಅಂತ. ಅದೊಂದು ಪದವನ್ನು ಬಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡೆನೋ.

ಒಂದು ವಾರ ಬಿಟ್ಟು, ಮೊಟ್ಟೆ ಬಂದ ಮೇಲೆ ಏರುವ ಹಾರ್ಮೋನು ಪ್ರೊಜೆಸ್ಟರಾನ್ ನೋಡಬೇಕು. ಅದಕ್ಕೆ 'ಇಪ್ಪತ್ತೊಂದನೇ ದಿನದ ಟೆಸ್ಟ್' ಅಂತಲೇ ಹೆಸರು, ಲ್ಯಾಬಿನವರೂ ಹಾಗೇ ಕೇಳಿದರು. ನನಗೆ ಅದು ಇಪ್ಪತ್ತಾರನೇ ದಿನ. 21 ಕೂಡ 28 ದಿನದವರ ಲೆಕ್ಕ. ಇಪ್ಪತ್ತೊಂದಕ್ಕೇ ಕೊಟ್ಟಿದ್ದರೆ ಮೊಟ್ಟೆ ಬಂದಿಲ್ಲ ಅಂತಲೇ ಅಂದುಕೊಳ್ಳುವ ಸಾಧ್ಯತೆ ಇತ್ತು. ರಿಪೋರ್ಟ್ 14.6 ಬಂತು. 3 ದಾಟಿದರೆ ಮೊಟ್ಟೆ ಬಂದಿದೆ ಅಂತ ಅರ್ಥ.

ಮೂವತ್ಮೂರನೇ ದಿನ ಬೆಳಿಗ್ಗೆ ಮುಟ್ಟಾದೆ.

ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಹೊರಗೆ ಬಂದಾಗ ಇವರು ಅಡುಗೆಮನೆಯಲ್ಲಿ ಕ್ಯಾಲೆಂಡರ್ ಮುಂದೆ ನಿಂತಿದ್ದರು. ಕೆಂಪು ಪೆನ್ನು ತೆಗೆದುಕೊಂಡು, ಅವತ್ತಿನ ದಿನದಿಂದ ಹಿಂದಕ್ಕೆ ಬೆರಳಿಟ್ಟು ಎಣಿಸುತ್ತಾ ಹೋದರು. ಹದಿನಾಲ್ಕಕ್ಕೆ ಬೆರಳು ನಿಂತದ್ದು ರಪ್ಚರ್ ಆದ ದಿನದ ಮೇಲೆ. "ಬಂತಲ್ಲ ಲೆಕ್ಕ" ಅಂದರು. ಅಳುತ್ತಲೇ ನಾನೂ ಹೋಗಿ ಒಮ್ಮೆ ಎಣಿಸಿದೆ. ಬಂದಿತ್ತು. ಹದಿಮೂರನೇ ವಯಸ್ಸಿನಿಂದ ಆ ತನಕ ನನ್ನ ಮೈ ಹಾಗೆ ಲೆಕ್ಕಕ್ಕೆ ಸಿಕ್ಕಿದ್ದೇ ಇಲ್ಲ.

ಮೂರನೇ ಸುತ್ತಿನಲ್ಲೂ ಮೊಟ್ಟೆ ಬಂತು, ಮಗು ನಿಲ್ಲಲಿಲ್ಲ. ನಾಲ್ಕನೆಯದರಲ್ಲಿ ನಿಂತಿತು. ಆರು ಸುತ್ತು ನೋಡಿ ಆಗದಿದ್ದರೆ ಮುಂದಿನ ದಾರಿ ಯೋಚಿಸೋಣ ಅಂದಿದ್ದರು, ಅಲ್ಲಿಗೆ ಹೋಗಬೇಕಾಗಲಿಲ್ಲ. ಮಗಳು ಹುಟ್ಟಿದ್ದು 2023ರ ಮಾರ್ಚ್‌ನಲ್ಲಿ. ಬಸುರಿನಲ್ಲಿ ಸಕ್ಕರೆ ಏರಿತ್ತು, ಪಿಸಿಓಎಸ್ ಇದ್ದವರಿಗೆ ಅದು ಹೆಚ್ಚು, ಹುಷಾರಾಗಿ ನೋಡಿಕೊಂಡೆವು. ಈಗಲೂ ಥೈರಾಯ್ಡ್ ಮಾತ್ರೆ ಇದೆ, ಕೆರೆ ಏರಿಯ ನಡಿಗೆ ಇದೆ. ಮಗು ಆದ ಮೇಲೂ ನನ್ನ ಮುಟ್ಟು ಪೂರ್ತಿ ಸರಿಹೋಗಿಲ್ಲ. ಪಿಸಿಓಎಸ್ ಹಾಗೆ ಬಿಟ್ಟುಹೋಗುವಂಥದ್ದಲ್ಲ.

ಮೊದಲ ದಿನ ಡಾಕ್ಟರಮ್ಮ ಹೇಳಿದ ಇನ್ನೊಂದು ಮಾತು ಇದೆ. 35ರ ಒಳಗಿನವರು ಒಂದು ವರ್ಷ, ದಾಟಿದವರು ಆರು ತಿಂಗಳು ಪ್ರಯತ್ನಿಸಿ ಆಮೇಲೆ ಬನ್ನಿ ಅನ್ನುವುದು ಮುಟ್ಟು ಸರಿಯಾಗಿ ಬರುವವರಿಗೆ. 35 ದಿನ ದಾಟಿ ದಾಟಿ ಬರುವವರು ಒಂದು ವರ್ಷ ಕಾಯಬೇಕಾಗಿಲ್ಲ, ಮೊದಲೇ ಹೋಗಬಹುದು. ನಾನು ಕಾದೆ.

ಹೋದ ತಿಂಗಳು ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಮದುವೆಯಾಗಿ ಎರಡು ವರ್ಷ. "ಅಕ್ಕಾ, ಇಲ್ಲೇ ಒಬ್ಬರು ಡಾಕ್ಟರ್ ಹತ್ರ ಹೋಗಿದ್ದೆ. ಮಾತ್ರೆ ಕೊಟ್ಟಿದಾರೆ. ಈಗ ಡೇಟ್ ಕರೆಕ್ಟಾಗಿ 28ಕ್ಕೆ ಬರ್ತಿದೆ!" ದನಿಯಲ್ಲಿ ಅಷ್ಟು ಖುಷಿ.

ಒಂದು ಕ್ಷಣ ನನಗೆ ಮಾತು ಹೊರಡಲಿಲ್ಲ.

"ಸ್ಟ್ರಿಪ್ ಹತ್ರ ಇದೆಯೇನೇ?" ಅಂದೆ. "ಹಿಂದುಗಡೆ ತಿರುಗಿಸಿ, ಅಕ್ಷರ ಕಾಣೋ ಹಾಗೆ ಒಂದು ಫೋಟೋ ಕಳಿಸು. ಈಗಲೇ ಕಳಿಸು."